ಜಿನಶಾಸನಭಕ್ತೆ ನಾಗರಖಂಡದ ಜಕ್ಕಿಯಬ್ಬೆ

ಕನ್ನಡ ನಾಡಿನ ಪ್ರಾತಃಸ್ಮರಣೀಯರಾದ ಜೈನ ಮಹಿಳೆಯರನ್ನು ಎಣಿಸುವಾಗ ಶ್ರಾವಕರ ನಾಲಗೆಯ ಮೇಲೆ ಮೊದಲು ಸುಳಿಯುವ ಹೆಸರು ದಾನಚಿಂತಾಮಣಿ ಅತ್ತಿಮಬ್ಬೆಯದು. ಪೊಂಬುರ್ಚದಲ್ಲಿ ಪಂಚಕೂಟ ಬಸದಿಯನ್ನು ಎತ್ತಿಸಿದ ಚಟ್ಟಲದೇವಿ, ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲೆ ಇವರು ಅದೇ ಮಾಲೆಯ ಮಣಿಗಳು. ಇವರೆಲ್ಲರಿಗೂ ಹಿಂದಿನವಳು ಜಕ್ಕಿಯಬ್ಬೆ. ಆಕೆ ಚಕ್ರವರ್ತಿಯ ಮಗಳಲ್ಲ, ಅರಸನ ರಾಣಿಯಲ್ಲ. ಒಂದು ನಾಡಿನ ಗಾವುಂಡನ ಮಡದಿ. ಆದರೂ ಸಾವಿರದ ನೂರು ವರ್ಷಗಳ ಹಿಂದೆ ಕಲ್ಲಿನಲ್ಲಿ ಕೊರೆಯಿಸಿಟ್ಟ ಆಕೆಯ ಬಾಳು, ಅಧಿಕಾರವನ್ನು ಹೇಗೆ ಹಿಡಿಯಬೇಕು, ಹೇಗೆ ಬಿಡಬೇಕು ಎಂಬ ಎರಡನ್ನೂ ಒಟ್ಟಿಗೆ ಕಲಿಸುವ ಅಪೂರ್ವ ಪಾಠವಾಗಿದೆ.

ಶಿವಮೊಗ್ಗ ಜಿಲ್ಲೆಯ ಶ್ರಾವಕರಿಗೆ ಆಕೆ ದೂರದವಳೂ ಅಲ್ಲ. ನಗರದ ರಾಗಿಗುಡ್ಡದಿಂದ ಹೊರಟು ಶಿಕಾರಿಪುರದ ದಾರಿ ಹಿಡಿದು, ಆ ತಾಲ್ಲೂಕಿನ ಬಂದಳಿಕೆಯನ್ನು ತಲುಪಿದರೆ ಆಕೆಯ ನಾಡು ಸಿಕ್ಕಿತು. ಶಾಸನಗಳು ಬಂದಣಿಕೆ ಎಂದು ಕರೆಯುವ ತೀರ್ಥ ಇದೇ. ಇಲ್ಲಿ ದೊರೆತ ಶಾಸನವನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ 7ನೆಯ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ 219ನೆಯ ಶಾಸನವಾಗಿ ಅಚ್ಚು ಮಾಡಿಸಿದ ಮೇಲೆ ಜಕ್ಕಿಯಬ್ಬೆಯ ಹೆಸರು ವಿದ್ವಾಂಸರ ಗಮನಕ್ಕೆ ಬಂದಿತು.

ನಾಡು ಮತ್ತು ಕಾಲ

ಅದು ರಾಷ್ಟ್ರಕೂಟರ ಕಾಲ. ಮಾನ್ಯಖೇಟದ ಸಿಂಹಾಸನದ ಮೇಲೆ ಅಕಾಲವರ್ಷ ಬಿರುದಿನ ಕನ್ನರದೇವ, ಎಂದರೆ ಇಮ್ಮಡಿ ಕೃಷ್ಣ, ಆಳುತ್ತಿದ್ದನು. ಆತನ ತಂದೆ ಅಮೋಘವರ್ಷ ನೃಪತುಂಗ. ಆದಿಪುರಾಣವನ್ನು ರಚಿಸಿದ ಜಿನಸೇನಾಚಾರ್ಯರನ್ನು ಗುರುವೆಂದು ಗೌರವಿಸಿದ ಆ ಚಕ್ರವರ್ತಿಯು ಅರವತ್ತಕ್ಕೂ ಮಿಕ್ಕ ವರ್ಷ ನಾಡನ್ನಾಳಿ, ವಿವೇಕದಿಂದ ರಾಜ್ಯವನ್ನು ತೊರೆದನೆಂಬ ಕೀರ್ತಿಯನ್ನು ಉಳಿಸಿಹೋಗಿದ್ದನು. ಜಿನಸೇನರ ಶಿಷ್ಯರಾದ ಗುಣಭದ್ರಾಚಾರ್ಯರ ಉತ್ತರಪುರಾಣವು ಬನವಾಸಿ ನಾಡಿನ ಬಂಕಾಪುರದಲ್ಲಿ ಪೂಜೆಗೊಂಡುದು ಆ ಶತಮಾನದ ಕೊನೆಯಲ್ಲಿ. ಜಿನಧರ್ಮವು ಅರಮನೆಯಿಂದ ಹಳ್ಳಿಯ ಗದ್ದೆಯ ಬದುವಿನವರೆಗೆ ಹಬ್ಬಿದ್ದ ಕಾಲವದು.

ರಾಜ್ಯವ್ಯವಸ್ಥೆಯಲ್ಲಿ ಮೂರು ಮೆಟ್ಟಿಲುಗಳು ಎದ್ದು ಕಾಣುತ್ತಿದ್ದವು. ಮೇಲೆ ಚಕ್ರವರ್ತಿ. ಆತನ ಕೆಳಗೆ ಬನವಾಸಿ ಹನ್ನಿರ್ಚ್ಛಾಸಿರವನ್ನು, ಎಂದರೆ ಬನವಾಸಿ 12000 ಎಂದು ಲೆಕ್ಕವಿಟ್ಟ ಪ್ರಾಂತವನ್ನು, ಆಳುವ ಮಹಾಸಾಮಂತ ಕಲಿವಿಟ್ಟರಸ. ಆ ಪ್ರಾಂತದೊಳಗಿನ ಒಂದು ಭಾಗ ನಾಗರಖಂಡ 70. ಈಗಿನ ಶಿಕಾರಿಪುರ, ಸೊರಬ ತಾಲ್ಲೂಕುಗಳ ಹಲವು ಊರುಗಳು ಅದರಲ್ಲಿ ಅಡಕವಾಗಿದ್ದವು. ಮಲೆನಾಡು ಮುಗಿದು ಬಯಲು ಮೊದಲಾಗುವ ಸೀಮೆ. ಕೆರೆ, ಗದ್ದೆ, ತೋಟಗಳಿಂದ ತುಂಬಿದ ನೆಲ. ಕದಂಬರ ಹಿರಿಮೆಯನ್ನು ಸಾರುವ ತಾಳಗುಂದವೂ ವಿದ್ಯಾಕೇಂದ್ರವಾದ ಬಳ್ಳಿಗಾವೆಯೂ ಸಮೀಪದಲ್ಲೇ ಇವೆ.

ಇಂತಹ ಒಂದು ನಾಡಿನ ಹೊಣೆ ಹೊತ್ತವನೇ ನಾಳ್ಗಾವುಂಡ. ಊರಿಗೆ ಊರಗಾವುಂಡನಿದ್ದಂತೆ ನಾಡಿಗೆ ನಾಳ್ಗಾವುಂಡ. ತೆರಿಗೆಯನ್ನು ಕೂಡಿಸಿ ಮೇಲಕ್ಕೆ ಸಲ್ಲಿಸುವುದು, ನೆಲದ ಎಲ್ಲೆಯ ವ್ಯಾಜ್ಯಗಳನ್ನು ಬಗೆಹರಿಸುವುದು, ದಾನದತ್ತಿಗಳಿಗೆ ಸಾಕ್ಷಿಯಾಗಿ ನಿಲ್ಲುವುದು, ತುರುಗಳ್ಳರೋ ಹಗೆಗಳೋ ಬಂದಾಗ ನಾಡಿನ ಆಳುಗಳನ್ನು ಕೂಡಿಸಿ ಎದುರಿಸುವುದು, ಇವೆಲ್ಲ ಗಾವುಂಡರ ಮೇಲಿನ ಭಾರ. ಅರಸರ ಹೆಸರು ಹಳ್ಳಿಗನ ಕಿವಿಗೆ ಬೀಳುತ್ತಿದ್ದುದು ಅಪರೂಪ. ನಾಳ್ಗಾವುಂಡನ ಮಾತು ಮಾತ್ರ ದಿನದಿನವೂ ಆತನ ಬಾಳನ್ನು ಮುಟ್ಟುತ್ತಿತ್ತು.

ಪತಿಯ ಮರಣ, ಪದವಿಯ ಪ್ರಾಪ್ತಿ

ನಾಗರಖಂಡ 70ರ ನಾಳ್ಗಾವುಂಡನಾಗಿದ್ದವನು ಸತ್ತರಸ ನಾಗಾರ್ಜುನ. ಕಲಿವಿಟ್ಟರಸನ ಆಜ್ಞೆಯಂತೆ ಕಾರ್ಯದಲ್ಲಿ ತೊಡಗಿದ್ದಾಗ ಆತನು ಮಡಿದನು. ಶಕವರ್ಷ 834ರ, ಎಂದರೆ ಕ್ರಿ.ಶ. 911-12ರ, ಸುಮಾರಿಗೆ ಆತನ ಪದವಿಯನ್ನು ಆತನ ಹೆಂಡತಿ ಜಕ್ಕಿಯಬ್ಬೆಗೇ ಅನುಗ್ರಹಿಸಲಾಯಿತು. ಶಾಸನವು ಆಕೆಯನ್ನು ನಮಗೆ ಮುಖಾಮುಖಿ ಮಾಡಿಸುವುದು ಈ ಗಳಿಗೆಯಿಂದಲೇ.

ಗಂಡನನ್ನು ಕಳೆದುಕೊಂಡ ಹೆಣ್ಣಿಗೆ ಆ ಕಾಲದಲ್ಲಿ ಎದುರಾಗುತ್ತಿದ್ದ ದಾರಿಗಳು ಹೆಚ್ಚಿರಲಿಲ್ಲ. ಚಿತೆಯೇರಿದವರ ನೆನಪಿಗೆ ನಿಲ್ಲಿಸಿದ ಮಾಸ್ತಿಕಲ್ಲುಗಳು ಕನ್ನಡ ನಾಡಿನ ಉದ್ದಗಲಕ್ಕೂ ಇವೆ. ಜಕ್ಕಿಯಬ್ಬೆಯ ಕಾಲದಿಂದ ಮುಂದೆ ಅದೇ ಶತಮಾನದಲ್ಲಿ ಚಾಳುಕ್ಯ ದಂಡನಾಯಕ ನಾಗದೇವನು ಮಡಿದಾಗ ಆತನ ಇಬ್ಬರು ಮಡದಿಯರಲ್ಲಿ ಗುಂಡಮಬ್ಬೆ ಸಹಗಮನ ಮಾಡಿದಳು. ಅಕ್ಕ ಅತ್ತಿಮಬ್ಬೆ ಉಳಿದು, ಮಗನನ್ನು ಬೆಳೆಸಿ, ಶಾಸ್ತ್ರದಾನದಿಂದಲೂ ಜಿನಬಿಂಬದಾನದಿಂದಲೂ ಲೋಕವಿಖ್ಯಾತಳಾದಳು. ಬದುಕಿ ಧರ್ಮವನ್ನು ನಡೆಸುವ ಈ ಹಾದಿಯನ್ನು ಅತ್ತಿಮಬ್ಬೆಗೂ ಮುನ್ನ ತುಳಿದವಳು ಜಕ್ಕಿಯಬ್ಬೆ. ಶೋಕವು ಇನ್ನೂ ಹಸಿಯಾಗಿರುವಾಗಲೇ ನಾಡಿನ ಭಾರವನ್ನು ಹೆಗಲಿಗೆ ತೆಗೆದುಕೊಂಡಳು.

ಮಹಿಳೆಯರು ನಾಡನ್ನಾಳಿದುದು ಕರ್ನಾಟಕದ ಇತಿಹಾಸದಲ್ಲಿ ಹೊಸತಲ್ಲ. ಹನ್ನೊಂದನೆಯ ಶತಮಾನದಲ್ಲಿ ಚಾಳುಕ್ಯ ಜಯಸಿಂಹನ ಸೋದರಿ ಅಕ್ಕಾದೇವಿ ಕಿಸುಕಾಡು 70ನ್ನು ಆಳಿದಳು, ಕೋಟೆಗೆ ಮುತ್ತಿಗೆಯನ್ನೂ ಹಾಕಿದಳು. ಆದರೆ ಆಕೆ ಅರಸುಮನೆತನದಲ್ಲಿ ಹುಟ್ಟಿದವಳು. ಆಕೆಯ ಆಳ್ವಿಕೆಯ ಹಿಂದೆ ರಾಜವಂಶದ ಬಲವಿತ್ತು. ಜಕ್ಕಿಯಬ್ಬೆಯ ಹಿಂದೆ ಇದ್ದುದು ಮಡಿದ ಗಂಡನ ಸೇವೆಯ ನೆನಪು ಮತ್ತು ಮೇಲಿನವರ ಅನುಗ್ರಹ ಮಾತ್ರ.

ಹಕ್ಕು ಮತ್ತು ಅರ್ಹತೆ

ಇಲ್ಲಿಯೇ ವಿಚಾರ ಮಾಡಬೇಕಾದ ಅಂಶವೊಂದು ಅಡಗಿದೆ. ಸೇವೆಯಲ್ಲಿದ್ದಾಗಲೇ ತೀರಿಕೊಂಡ ನೌಕರನ ಕುಟುಂಬದವರಿಗೆ ಅನುಕಂಪದ ಆಧಾರದ ಮೇಲೆ ಕೆಲಸ ಕೊಡುವ ಪದ್ಧತಿ ಈ ಕಾಲದಲ್ಲೂ ಉಂಟು. ಹಾಗೆ ಬಂದ ಪದವಿ ನ್ಯಾಯವಾಗಿಯೇ ಬಂದುದು. ಅದನ್ನು ಯಾರೂ ಆಕ್ಷೇಪಿಸುವಂತಿಲ್ಲ. ಜಕ್ಕಿಯಬ್ಬೆಗೆ ದೊರೆತ ನಾಳ್ಗಾವುಂಡತನವೂ ಅಂತಹುದೇ. ಚಕ್ರವರ್ತಿಯ ಆಳ್ವಿಕೆಯಲ್ಲಿ, ಮಹಾಸಾಮಂತನ ಅರಿವಿನಲ್ಲಿ, ವಿಧಿವತ್ತಾಗಿ ಬಂದ ಪದವಿ. ಆಕೆ ಅದನ್ನು ಹೇಗೆ ಬೇಕಾದರೂ ಅನುಭವಿಸಬಹುದಿತ್ತು. ಹೆಸರು ತನ್ನದಿರಿಸಿ ಕೆಲಸವನ್ನು ಬೇರೊಬ್ಬರ ಮೇಲೆ ಹೊರಿಸಬಹುದಿತ್ತು. ಪದವಿಯ ಆದಾಯವನ್ನು ಪಡೆಯುತ್ತ ಮನೆಯೊಳಗೆ ಕುಳಿತಿರಬಹುದಿತ್ತು. ಹಕ್ಕಿನ ದೃಷ್ಟಿಯಿಂದ ಅದಾವುದೂ ತಪ್ಪಾಗುತ್ತಿರಲಿಲ್ಲ.

ಆದರೆ ಹಕ್ಕು ಎಂಬುದು ಒಂದು ಬೇಲಿಯಂತೆ. ಒಳಗಿರುವವನನ್ನು ಹೊರಗಿನವರು ಮುಟ್ಟದಂತೆ ಅದು ಕಾಯುತ್ತದೆ. ಬೇಲಿಯೊಳಗೆ ಏನನ್ನು ಬೆಳೆದರು, ಭತ್ತವನ್ನೋ ಕಳೆಯನ್ನೋ ಎಂಬುದನ್ನು ಅದು ಕೇಳುವುದಿಲ್ಲ. ಆ ಪ್ರಶ್ನೆಯನ್ನು ಕೇಳಬೇಕಾದುದು ಧರ್ಮ. ಜಕ್ಕಿಯಬ್ಬೆಯ ಹಿರಿಮೆಯೆಂದರೆ, ಹಕ್ಕಿನ ಪ್ರಶ್ನೆ ಇತ್ಯರ್ಥವಾದ ಮೇಲೂ ಆಕೆ ಧರ್ಮದ ಪ್ರಶ್ನೆಯನ್ನು ಬಿಡಲಿಲ್ಲ.

ಶಾಸನವು ಆಕೆಯನ್ನು ಹೊಗಳುವ ರೀತಿಯೇ ಇದಕ್ಕೆ ಸಾಕ್ಷಿ. ಪದವಿ ಗಂಡನದೆಂದು ಹೇಳಿ ಶಾಸನಕಾರನು ಸುಮ್ಮನಾಗುವುದಿಲ್ಲ. ಆಕೆ ಪ್ರಭುಶಕ್ತಿಯುಳ್ಳವಳು, ಒಳ್ಳೆಯ ಆಡಳಿತದಲ್ಲಿ ನಿಪುಣೆ, ಜಿನೇಂದ್ರಶಾಸನದಲ್ಲಿ ಭಕ್ತಿಯುಳ್ಳವಳು, ಹೆಣ್ಣಾಗಿದ್ದರೂ ತನ್ನ ವೀರ್ಯದ ಹೆಮ್ಮೆಯಿಂದ ನಾಗರಖಂಡ 70ನ್ನು ಚೆನ್ನಾಗಿ ರಕ್ಷಿಸಿದವಳು ಎಂಬ ಅರ್ಥದಲ್ಲಿ ಬಣ್ಣಿಸುತ್ತಾನೆ. ರೂಪವನ್ನೂ ಹೊಗಳುತ್ತಾನೆ, ಆದರೆ ಅದರಲ್ಲೇ ನಿಲ್ಲುವುದಿಲ್ಲ. ಪದವಿ ಆಕೆಗೆ ಬಂದುದು ಅನುಗ್ರಹದಿಂದ. ಅದು ಆಕೆಯದಾದುದು ಸಾಮರ್ಥ್ಯದಿಂದ. ಮೊದಲನೆಯದನ್ನು ಅರಸು ಕೊಡಬಲ್ಲ. ಎರಡನೆಯದನ್ನು ಪ್ರತಿದಿನವೂ ತಾನೇ ಗಳಿಸಿಕೊಳ್ಳಬೇಕು.

ನಾಲ್ಕು ಮತ್ತರು ಗದ್ದೆ

ಆಕೆಯ ಆಳ್ವಿಕೆಯ ಧರ್ಮಕಾರ್ಯವಾಗಿ ಶಾಸನವು ಉಲ್ಲೇಖಿಸುವ ದತ್ತಿ ದೊಡ್ಡದಲ್ಲ. ಜಕ್ಕಲಿಯಲ್ಲಿ ನಾಲ್ಕು ಮತ್ತರು ಗದ್ದೆಯನ್ನು ಆಕೆ ಬಸದಿಗೆ ಬಿಟ್ಟುಕೊಟ್ಟಳು. ಚಕ್ರವರ್ತಿಗಳೂ ಮಹಾಮಂಡಲೇಶ್ವರರೂ ಇಡಿಯ ಗ್ರಾಮಗಳನ್ನು ಧಾರೆಯೆರೆದ ಶಾಸನಗಳನ್ನು ಓದಿದವರಿಗೆ ಇದು ಅಲ್ಪವೆಂದು ತೋರಬಹುದು. ಆದರೆ ದಾನದ ಹಿರಿಮೆ ಅಳತೆಯಲ್ಲಿಲ್ಲ ಎಂಬುದನ್ನು ಶ್ರಾವಕಾಚಾರವು ಮೊದಲಿನಿಂದಲೂ ಹೇಳುತ್ತ ಬಂದಿದೆ. ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ವಿಶೇಷದಿಂದ ದಾನಕ್ಕೆ ವಿಶೇಷ ಬರುತ್ತದೆಂಬುದು ತತ್ತ್ವಾರ್ಥಸೂತ್ರದ ಬೋಧೆ.

ನಾಡಿನ ನೆಲದ ಮೇಲೆ ಅಧಿಕಾರವುಳ್ಳವರು ಕೊಡುವಾಗ ಇನ್ನೊಂದು ಎಚ್ಚರವೂ ಬೇಕು. ಕೊಡುವ ಕೈಯಲ್ಲಿರುವುದು ಕೇವಲ ತನ್ನ ಸ್ವತ್ತಲ್ಲ. ಉಳುವವನ ಬೆವರೂ ಅರಸನ ಪಾಲೂ ಅದರಲ್ಲಿ ಸೇರಿರುತ್ತವೆ. ಇಷ್ಟು ಮತ್ತರು, ಇಂತಹ ಊರಿನಲ್ಲಿ, ಈ ಬೆಳೆಯ ನೆಲ, ಈ ದೇವರಿಗೆ ಎಂದು ಅಳೆದು, ಎಲ್ಲರೂ ನೋಡುವಂತೆ ಕಲ್ಲಿನಲ್ಲಿ ಬರೆಯಿಸುವ ಪದ್ಧತಿಯ ಹಿಂದೆ ಈ ಎಚ್ಚರವಿದೆ. ಜಕ್ಕಲಿಯ ಗದ್ದೆಯ ಭತ್ತ ಬಸದಿಯ ನಿತ್ಯಪೂಜೆಗೆ ಒದಗಿತು. ಲೆಕ್ಕ ಮಾತ್ರ ನಾಡಿನ ಕಣ್ಣೆದುರಿಗೆ ಉಳಿಯಿತು.

ಬಿಡುವ ಗಳಿಗೆ

ಹೀಗೆ ಸುಮಾರು ಏಳು ವರ್ಷಗಳು ಸಂದವು. ಈ ನಡುವೆ ಮಾನ್ಯಖೇಟದಲ್ಲಿ ಇಮ್ಮಡಿ ಕೃಷ್ಣನ ಕಾಲ ಮುಗಿದು, 914ರಲ್ಲಿ ಆತನ ಮೊಮ್ಮಗ ಮುಮ್ಮಡಿ ಇಂದ್ರನ ಆಳ್ವಿಕೆ ಬಂದಿತು. ಚಕ್ರವರ್ತಿಗಳು ಬದಲಾದರೂ ನಾಗರಖಂಡದ ಜಕ್ಕಿಯಬ್ಬೆಯ ಹೊಣೆ ಬದಲಾಗಲಿಲ್ಲ. ಆಗ ಆಕೆಯ ದೇಹಕ್ಕೆ ವ್ಯಾಧಿ ತಗುಲಿತು.

ರೋಗ ಬಂದವರು ಪದವಿಯನ್ನು ಬಿಡಬೇಕೆಂಬ ಕಟ್ಟಳೆ ಎಲ್ಲೂ ಇರಲಿಲ್ಲ. ಕೊನೆಯುಸಿರಿನ ತನಕ ಅಧಿಕಾರವನ್ನು ಹಿಡಿದೇ ಇದ್ದ ಅರಸರೂ ಸಾಮಂತರೂ ಇತಿಹಾಸದಲ್ಲಿ ಅಸಂಖ್ಯರು. ಹಾಸಿಗೆಯಲ್ಲಿ ಮಲಗಿದ್ದರೂ ಆಕೆಯೇ ನಾಡಿನ ಒಡತಿ. ಆಕೆಯ ಹೆಸರಿನಲ್ಲಿಯೇ ಆಜ್ಞೆಗಳು ಹೊರಡುತ್ತಿದ್ದವು. ಪಡೆದ ಪದವಿಯನ್ನು ಸಾಯುವವರೆಗೆ ಅನುಭವಿಸುವ ಹಕ್ಕು ಆಕೆಗೆ ಸಂಪೂರ್ಣವಾಗಿ ಇತ್ತು.

ಆಕೆ ಮಾಡಿದುದೇ ಬೇರೆ. ಸಂಸಾರದ ಭೋಗಗಳು ರುಚಿಗೆಟ್ಟವೆಂದು ಬಗೆದು, ಮಗಳನ್ನು ಕರೆಸಿ, ತನ್ನದಾಗಿದ್ದುದನ್ನು ಆಕೆಗೆ ಒಪ್ಪಿಸಿದಳು. ಮೋಹದ ಸಂಕಲೆಯಿಂದ ಬಿಡಿಸಿಕೊಂಡು ಬಂದಣಿಕೆಯ ತೀರ್ಥಕ್ಕೆ ನಡೆದಳು. ಶಾಸನವು ಈ ಘಟನೆಯನ್ನು ಕೆಲವೇ ಮಾತುಗಳಲ್ಲಿ ಮುಗಿಸುತ್ತದೆ. ಆದರೆ ಓದುವವರ ಮನಸ್ಸು ಅಲ್ಲಿ ತಡೆದು ನಿಲ್ಲದಿರದು. ಗಂಡನಿಂದ ತನಗೆ ಬಂದ ಭಾರ ಸಾವಿನ ಆಘಾತದೊಡನೆ ಬಂದಿತ್ತು; ಸಿದ್ಧಳಾಗಲು ಆಕೆಗೆ ಬಿಡುವೇ ಇರಲಿಲ್ಲ. ಮಗಳಿಗೆ ಆಕೆ ಒಪ್ಪಿಸಿದುದು ತಾನು ಬದುಕಿರುವಾಗಲೇ, ಬುದ್ಧಿ ಸ್ಥಿರವಾಗಿರುವಾಗಲೇ, ತನ್ನ ಕೈಯಿಂದಲೇ. ಒಂದು ತಲೆಮಾರಿನಿಂದ ಮತ್ತೊಂದಕ್ಕೆ ಹೊಣೆ ದಾಟುವ ಎರಡು ಬಗೆಗಳು ಒಂದೇ ಬಾಳಿನಲ್ಲಿ ಕಾಣಸಿಗುತ್ತವೆ. ಎರಡನೆಯದರಲ್ಲಿ ತಾಯಿಯ ಪ್ರೀತಿಯೂ ಇದೆ, ಆಡಳಿತದ ಜಾಣ್ಮೆಯೂ ಇದೆ.

ಜೈನ ಪರಂಪರೆಯಲ್ಲಿ ಇದಕ್ಕೆ ಹಿರಿಯ ಮೇಲ್ಪಂಕ್ತಿಗಳಿದ್ದವು. ಚಕ್ರವರ್ತಿ ಅಮೋಘವರ್ಷನ ರಾಜ್ಯತ್ಯಾಗ ಆಕೆಯ ಹಿಂದಿನ ತಲೆಮಾರಿನ ಮಾತು. ಅದಕ್ಕೂ ಮಿಗಿಲಾಗಿ, ಜಿನಸೇನರ ಆದಿಪುರಾಣದಿಂದ ಲೋಕವು ಬಲ್ಲ ಬಾಹುಬಲಿಯ ಚರಿತವಿತ್ತು. ದೃಷ್ಟಿ, ಜಲ, ಮಲ್ಲ ಎಂಬ ಮೂರು ಯುದ್ಧಗಳಲ್ಲೂ ಅಣ್ಣನನ್ನು ಗೆದ್ದ ಬಾಹುಬಲಿಗೆ ರಾಜ್ಯವು ಹಕ್ಕಿನಿಂದ ಸಂದಿತ್ತು. ಆ ಹಕ್ಕನ್ನು ಪ್ರಶ್ನಿಸುವವರು ಭೂಮಂಡಲದಲ್ಲಿ ಇರಲಿಲ್ಲ. ಗೆದ್ದ ಗಳಿಗೆಯಲ್ಲಿಯೇ ಆತನಿಗೆ ಕಂಡುದು, ಗೆಲುವಿಗಾಗಿ ಅಣ್ಣತಮ್ಮಂದಿರು ಎಲ್ಲಿಗೆ ಇಳಿದೆವೆಂಬ ನಾಚಿಕೆ. ಜಕ್ಕಿಯಬ್ಬೆಯ ಕಾಲದಲ್ಲಿ ವಿಂಧ್ಯಗಿರಿಯ ಮೇಲೆ ಗೊಮ್ಮಟನ ವಿಗ್ರಹ ಇನ್ನೂ ಎದ್ದು ನಿಂತಿರಲಿಲ್ಲ. ಚಾವುಂಡರಾಯನು ಅದನ್ನು ಮಾಡಿಸಿದುದು ಆ ಶತಮಾನದ ಕೊನೆಯ ಭಾಗದಲ್ಲಿ. ಕಲ್ಲಿನಲ್ಲಿ ಕಡೆಯುವ ಮೊದಲೇ ಆ ತತ್ತ್ವವನ್ನು ನಾಗರಖಂಡದ ಒಬ್ಬ ಗಾವುಂಡಿ ತನ್ನ ಅಳತೆಗೆ ತಕ್ಕಂತೆ ಬಾಳಿ ತೋರಿಸಿದ್ದಳು.

ಸಲ್ಲೇಖನ

ಶಕವರ್ಷ 840ರ ಬಹುಧಾನ್ಯ ಸಂವತ್ಸರದಲ್ಲಿ, ಎಂದರೆ ಕ್ರಿ.ಶ. 918ರಲ್ಲಿ, ಬಂದಣಿಕೆಯ ಬಸದಿಯಲ್ಲಿ ಜಕ್ಕಿಯಬ್ಬೆ ಸಲ್ಲೇಖನ ವ್ರತವನ್ನು ಕೈಗೊಂಡು ದೇಹವನ್ನು ತ್ಯಜಿಸಿದಳು.

ಈ ವ್ರತದ ವಿಷಯದಲ್ಲಿ ಹಕ್ಕು ಮತ್ತು ಧರ್ಮಗಳ ಭೇದ ಇನ್ನೂ ಸೂಕ್ಷ್ಮವಾಗುತ್ತದೆ. ದೇಹ ನನ್ನದು, ಅದನ್ನು ಏನಾದರೂ ಮಾಡುವ ಹಕ್ಕು ನನಗಿದೆ ಎಂಬ ವಾದವು ಸಲ್ಲೇಖನದ ಅಡಿಗಲ್ಲಲ್ಲ. ಅದಕ್ಕೆ ತೀರ ವಿರುದ್ಧವಾದುದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವು ಪ್ರತೀಕಾರವಿಲ್ಲದ ಹಂತವನ್ನು ಮುಟ್ಟಿದಾಗ ಮಾತ್ರ ಈ ವ್ರತಕ್ಕೆ ಎಡೆಗೊಡುತ್ತದೆ. ಅದಕ್ಕೆ ಮೊದಲು ಸ್ನೇಹ, ವೈರ, ಸಂಗ, ಪರಿಗ್ರಹಗಳನ್ನು ಬಿಡಬೇಕು. ಸ್ವಜನ ಪರಿಜನರನ್ನು ಕ್ಷಮಿಸಿ ಅವರಿಂದ ಕ್ಷಮೆಯನ್ನು ಪಡೆಯಬೇಕು. ಮಾಡಿದ, ಮಾಡಿಸಿದ, ಅನುಮೋದಿಸಿದ ಪಾಪಗಳನ್ನು ಕಪಟವಿಲ್ಲದೆ ಆಲೋಚನೆ ಮಾಡಿಕೊಳ್ಳಬೇಕು. ಗುರುವಿನ ಅನುಮತಿಯಿಲ್ಲದೆ, ಆತನ ಪರಿಶೀಲನೆಯಿಲ್ಲದೆ ಇದು ನಡೆಯದು.

ತತ್ತ್ವಾರ್ಥಸೂತ್ರವು ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಬದುಕಬೇಕೆಂಬ ಆಸೆ ಒಂದು. ಸಾಯಬೇಕೆಂಬ ಆಸೆ ಇನ್ನೊಂದು. ಮಿತ್ರರ ಮೇಲಿನ ಅನುರಾಗ, ಹಿಂದಣ ಸುಖದ ನೆನಪು, ಮುಂದಣ ಭೋಗದ ಬಯಕೆ ಉಳಿದ ಮೂರು. ಸಾವನ್ನು ಬಯಸುವುದೇ ವ್ರತಭಂಗವೆಂದಾದ ಮೇಲೆ ನೊಂದ ಮನಸ್ಸಿಗೂ ಬೇಸತ್ತ ಬಾಳಿಗೂ ಅಲ್ಲಿ ಎಡೆಯಿಲ್ಲ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಟ್ಟ ದೃಷ್ಟಾಂತವು ಇದನ್ನು ತಿಳಿಯಾಗಿಸುತ್ತದೆ. ಸರಕು ತುಂಬಿದ ಮನೆಗೆ ವಿಪತ್ತು ಬಂದರೆ ವರ್ತಕನು ಮೊದಲು ಮನೆಯನ್ನೇ ಉಳಿಸಲು ಹೆಣಗುತ್ತಾನೆ. ಅದು ಸಾಧ್ಯವೇ ಇಲ್ಲವೆಂದಾದಾಗ ಒಳಗಿನ ಸರಕನ್ನು ಉಳಿಸಿಕೊಳ್ಳುತ್ತಾನೆ. ಮನೆ ಸುಡಲೆಂದು ಬಯಸುವ ವರ್ತಕನಿಲ್ಲ. ದೇಹವು ಆ ಮನೆ. ವ್ರತಶೀಲಗಳು ಆ ಸರಕು.

ಈ ಬೆಳಕಿನಲ್ಲಿ ನೋಡಿದರೆ ಜಕ್ಕಿಯಬ್ಬೆಯ ನಡೆಯ ಕ್ರಮ ಅರ್ಥವಾಗುತ್ತದೆ. ಆಕೆ ಮೊದಲು ಬಂದಣಿಕೆಗೆ ಹೋಗಲಿಲ್ಲ. ಮೊದಲು ಮಗಳನ್ನು ಕರೆಸಿದಳು. ನಾಡಿನ ಹೊಣೆಯನ್ನು ನಡುನೀರಿನಲ್ಲಿ ಬಿಟ್ಟು ಪುಣ್ಯವನ್ನು ಅರಸುವುದು ಧರ್ಮವಾಗದು. ಕೊಡಬೇಕಾದುದನ್ನು ಕೊಟ್ಟು, ಒಪ್ಪಿಸಬೇಕಾದವರಿಗೆ ಒಪ್ಪಿಸಿ, ಯಾರಿಗೂ ಋಣವುಳಿಯದಂತೆ ಎದ್ದು ನಡೆದಾಗಲೇ ಆ ಹೆಜ್ಜೆಗೆ ಪಾವಿತ್ರ್ಯ.

ಇದೇ ಸಲ್ಲೇಖನವು ನಮ್ಮ ಕಾಲದಲ್ಲಿ ನ್ಯಾಯಾಲಯದ ಮೆಟ್ಟಿಲೇರಿದುದನ್ನು ಶ್ರಾವಕರು ಮರೆತಿಲ್ಲ. 2006ರಲ್ಲಿ ಸಲ್ಲಿಕೆಯಾದ ಅರ್ಜಿಯೊಂದರ ಮೇಲೆ ರಾಜಸ್ಥಾನದ ಉಚ್ಚ ನ್ಯಾಯಾಲಯವು 2015ರ ಆಗಸ್ಟ್ 10ರಂದು ಸಂಥಾರಾ ವ್ರತವನ್ನು ಆತ್ಮಹತ್ಯೆಯ ಯತ್ನಕ್ಕೆ ಸಮನೆಂದು ತೀರ್ಪಿತ್ತಿತು. ದೇಶದ ಹಲವೆಡೆ ಜೈನಸಮಾಜವು ಮೌನ ಮೆರವಣಿಗೆಗಳನ್ನು ನಡೆಸಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಧರ್ಮವನ್ನು ಆಚರಿಸುವ ಹಕ್ಕಿಗಾಗಿ ಸಮಾಜವು ದನಿಯೆತ್ತಿದುದು ಯೋಗ್ಯವೇ. ಆದರೆ ಹಕ್ಕು ಉಳಿದ ಮಾತ್ರಕ್ಕೆ ಆಚರಣೆ ಶುದ್ಧವಾಗಿ ಉಳಿಯಿತೆಂದು ತಿಳಿಯಲಾಗದು. ಸಲ್ಲೇಖನವನ್ನು ತಡೆಯಬಾರದೆಂದು ನ್ಯಾಯಾಲಯವು ಹೇಳಬಲ್ಲುದು. ಇಂತಹವರಿಗೆ ಇಂತಹ ಹೊತ್ತಿನಲ್ಲಿ ಅದು ತಕ್ಕುದೇ ಎಂಬುದನ್ನು ಅದು ಹೇಳಲಾರದು. ಮನೆಯವರ ಒತ್ತಾಯ, ಕೀರ್ತಿಯ ಆಸೆ, ಬಾಳಿನ ಬೇಸರ ಇವುಗಳಲ್ಲಿ ಒಂದರ ನೆರಳು ಬಿದ್ದರೂ ಶಾಸ್ತ್ರವು ಒಪ್ಪುವುದಿಲ್ಲ. ಔಷಧದಿಂದ ವಾಸಿಯಾಗುವ ರೋಗಕ್ಕೆ ಔಷಧವೇ ಧರ್ಮ. ಹಕ್ಕನ್ನು ಕಾಯುವುದು ಸಮಾಜದ ಕೆಲಸವಾದರೆ, ವ್ರತದ ಶುದ್ಧಿಯನ್ನು ಕಾಯುವುದು ಅದಕ್ಕಿಂತ ಕಠಿನವಾದ ಕೆಲಸ.

ಬಂದಣಿಕೆ ಉಳಿಸಿಕೊಂಡ ನೆನಪು

ಜಕ್ಕಿಯಬ್ಬೆಯ ಅನಂತರ ಬಂದಣಿಕೆಯು ಶತಮಾನಗಳವರೆಗೆ ಜಿನತೀರ್ಥವಾಗಿ ಬೆಳೆಯಿತು. ಚಾಳುಕ್ಯರ, ಕಳಚೂರ್ಯರ, ಹೊಯ್ಸಳರ ಕಾಲದ ಶಾಸನಗಳು ಅದರ ವೈಭವವನ್ನು ಹೇಳುತ್ತವೆ. ಶಿವಾಲಯಗಳೂ ನಾರಾಯಣನ ಗುಡಿಯೂ ಅದೇ ಊರಿನಲ್ಲಿ ಬಸದಿಯ ನೆರೆಯಲ್ಲಿ ಎದ್ದವು. ಮುಂದೆ ಜನವಸತಿ ಕ್ಷೀಣಿಸಿ, ಕಾಡು ಹಬ್ಬಿ, ಗುಡಿಗಳು ಮೌನವಾದವು. ಆ ಮೌನದ ನಡುವೆ ಅಲ್ಲಿ ಉಳಿದು ನಿಂತಿರುವ ಬಸದಿ ಶಾಂತಿನಾಥಸ್ವಾಮಿಯದು.

ಶಾಂತಿನಾಥಸ್ವಾಮಿಯ ಹೆಸರು ಇಲ್ಲಿ ಅರ್ಥಪೂರ್ಣವಾಗಿದೆ. ಹದಿನಾರನೆಯ ತೀರ್ಥಂಕರನಾದ ಆತನು ಐದನೆಯ ಚಕ್ರವರ್ತಿಯೂ ಹೌದು. ಷಟ್ಖಂಡ ಭೂಮಿಯ ಮೇಲಿನ ಸಂಪೂರ್ಣ ಹಕ್ಕು ಆತನದಾಗಿತ್ತು. ನವನಿಧಿಗಳೂ ಚತುರ್ದಶ ರತ್ನಗಳೂ ನ್ಯಾಯವಾಗಿಯೇ ಆತನ ಸ್ವಾಧೀನದಲ್ಲಿದ್ದವು. ಆತನು ತೀರ್ಥಂಕರನಾದುದು ಅವುಗಳ ಒಡೆತನದಿಂದಲ್ಲ, ಅವುಗಳನ್ನು ಮಗನಿಗೆ ಒಪ್ಪಿಸಿ ನಿರ್ಗ್ರಂಥನಾದುದರಿಂದ. ಚಕ್ರವರ್ತಿಯ ತ್ಯಾಗ ಸಮುದ್ರದಂತಹುದು; ನಾಗರಖಂಡದ ನಾಳ್ಗಾವುಂಡಿಯ ತ್ಯಾಗ ಊರ ಕೆರೆಯಂತಹುದು. ಆದರೆ ಎರಡರಲ್ಲಿಯೂ ನೀರು ಒಂದೇ.

ಪ್ರತಿಷ್ಠೆಯ ಸಂದರ್ಭದಲ್ಲಿ

ಪಂಚಕಲ್ಯಾಣ ಪ್ರತಿಷ್ಠೆಯಲ್ಲಿ ಜನ್ಮಕಲ್ಯಾಣದ ಸಡಗರ ಕಳೆದ ಮೇಲೆ ರಾಜಸಭೆ ಕೂಡುತ್ತದೆ. ಕಿರೀಟ, ಚಾಮರ, ಕಪ್ಪಕಾಣಿಕೆಗಳ ನಡುವೆ ಸ್ವಾಮಿಯು ರಾಜನಾಗಿ ಮೆರೆಯುತ್ತಾನೆ. ಮರುಗಳಿಗೆಯಲ್ಲಿ ವೈರಾಗ್ಯ ಮೂಡಿ, ರಾಜ್ಯವನ್ನು ಮಕ್ಕಳಿಗೆ ಒಪ್ಪಿಸಿ, ಪಲ್ಲಕ್ಕಿಯೇರಿ ತಪೋವನಕ್ಕೆ ಹೊರಡುವ ದೀಕ್ಷಾಕಲ್ಯಾಣ. ಮಂಟಪದಲ್ಲಿ ಕುಳಿತ ತಾಯಂದಿರ ಕಣ್ಣುಗಳು ಪ್ರತಿ ಬಾರಿಯೂ ಆ ಹೊತ್ತಿಗೆ ತುಂಬಿ ಬರುತ್ತವೆ. ನೋಡುವವರ ಮನಸ್ಸನ್ನು ಮುಟ್ಟುವುದು ಕಿರೀಟ ಏರಿದ ಗಳಿಗೆಯಲ್ಲ, ಇಳಿದ ಗಳಿಗೆ.

ಅದೇ ಮಂಟಪದಲ್ಲಿ ಪ್ರಥಮ ಕಲಶಕ್ಕೆ, ಇಂದ್ರಪದವಿಗೆ ಸವಾಲು ನಡೆಯುತ್ತದೆ. ಹೆಚ್ಚಿನ ಮೊತ್ತಕ್ಕೆ ಸವಾಲು ಹಿಡಿದವರಿಗೆ ಮೊದಲ ಅಭಿಷೇಕದ ಹಕ್ಕು ಸಲ್ಲುತ್ತದೆ. ಅದರಿಂದ ಬಸದಿಯ ಕಾರ್ಯಗಳು ಸಾಗುತ್ತವೆ. ಆದುದರಿಂದ ಆ ಕ್ರಮದಲ್ಲಿ ದೋಷವಿಲ್ಲ. ಹಾಗೆ ಪಡೆದ ಕಲಶವನ್ನು ಎತ್ತುವ ಮುನ್ನ, ಜೀವಮಾನವಿಡೀ ಬಸದಿಯ ಅಂಗಳವನ್ನು ಗುಡಿಸಿ ರಂಗವಲ್ಲಿಯಿಟ್ಟ ವೃದ್ಧೆಯೊಬ್ಬಳ ಕೈಯನ್ನೂ ಅದಕ್ಕೆ ತಾಗಿಸಿಕೊಂಡರೆ ಯಾರ ಹಕ್ಕಿಗೂ ಚ್ಯುತಿ ಬರದು; ಸವಾಲಿನ ಪುಸ್ತಕದಲ್ಲಿ ಅದಕ್ಕೆ ಲೆಕ್ಕವೂ ಇರದು. ಬಸದಿಯ ಆಡಳಿತ, ಮನೆತನದ ಮರ್ಯಾದೆ, ಮೊದಲ ಪ್ರಸಾದ, ಆಸ್ತಿಯ ಪಾಲು ಇವುಗಳಲ್ಲೆಲ್ಲ ಹಕ್ಕು ಯಾರದೆಂಬುದನ್ನು ಪತ್ರಗಳೂ ಪದ್ಧತಿಗಳೂ ತೀರ್ಮಾನಿಸುತ್ತವೆ. ಆ ತೀರ್ಮಾನ ಮುಗಿದ ಮೇಲೆ ಉಳಿಯುವ ಪ್ರಶ್ನೆಗೆ ಪತ್ರಗಳಲ್ಲಿ ಉತ್ತರವಿಲ್ಲ.

ಆ ಪ್ರಶ್ನೆಗೆ ಜಕ್ಕಿಯಬ್ಬೆ ಎರಡು ಬಾರಿ ಉತ್ತರ ಕೊಟ್ಟಳು. ಒಲ್ಲೆನೆನ್ನಬಹುದಾಗಿದ್ದ ಭಾರವನ್ನು ನಾಡಿಗಾಗಿ ಹೊತ್ತು ಒಮ್ಮೆ. ಉಳಿಸಿಕೊಳ್ಳಬಹುದಾಗಿದ್ದ ಪದವಿಯನ್ನು ಸಕಾಲದಲ್ಲಿ ಇಳಿಸಿ ಇನ್ನೊಮ್ಮೆ. ಅಧಿಕಾರವನ್ನು ಧರ್ಮವೆಂದು ತಿಳಿದು ಹಿಡಿದವರಿಗೇ ಅದನ್ನು ಧರ್ಮವೆಂದು ತಿಳಿದು ಬಿಡುವುದೂ ಸಾಧ್ಯ. ಮಾನ್ಯಖೇಟದ ಕೋಟೆ ಕುಸಿದಿದೆ. ನಾಗರಖಂಡ 70ರ ಎಲ್ಲೆಗಳು ಅಳಿಸಿವೆ. ನಾಳ್ಗಾವುಂಡರ ಪದವಿಯೇ ಇಲ್ಲವಾಗಿದೆ. ಮಗಳನ್ನು ಕರೆಸಿ ಒಪ್ಪಿಸಿ ಬಸದಿಯ ಹಾದಿ ಹಿಡಿದ ತಾಯಿಯೊಬ್ಬಳ ಹೆಸರು ಮಾತ್ರ ಶಿಕಾರಿಪುರ ಸೀಮೆಯ ಕಲ್ಲಿನಲ್ಲಿ ಇಂದಿಗೂ ಮಾಸದೆ ಉಳಿದಿದೆ.